ನಡುವಿನ ಪೆಡಲ್

“ಎತ್ತಬೇಡಿ, ತಳ್ಳಿ. ತಳ್ಳಿ ಅಂದ್ರೆ ತಳ್ಳಿ ಸ್ವಾಮಿ,” ಎಂದು ಮೈದುನ ಪಿಯಾನೋದ ಹಿಂದಿನಿಂದ ಹೇಳಿದ. ಅವನ ಬೋಳುತಲೆಯಷ್ಟೇ ಹೊರಗೆ ಕಾಣುತ್ತಿತ್ತು.

ಪಿಯಾನೋ ಅಲುಗಲಿಲ್ಲ. ಅದರ ಒಂದು ಚಕ್ರ ನೆಲದ ಗುಳಿಯಲ್ಲಿ ಕೂತುಬಿಟ್ಟಿತ್ತು. ವರ್ಷಗಟ್ಟಲೆ ಒಂದೇ ಕಡೆ ನಿಂತು ಆ ಗುಳಿಯನ್ನು ಅದೇ ಮಾಡಿಕೊಂಡಿತ್ತು. ಒಳಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದವನು ಬೀದಿಗೆ ಹೋಗಬೇಕಾದರೆ ಈ ಮುಂದಿನ ಕೋಣೆಯನ್ನು ದಾಟಬೇಕು. ಬಾಗಿಲ ಅರ್ಧಕ್ಕೆ ಪಿಯಾನೋ ಅಡ್ಡ ಚಾಚಿಕೊಂಡಿತ್ತು.

“ಬೆಳಿಗ್ಗೆ ಪೆಟ್ಟಿಗೆ ಒಳಗೆ ಹೇಗೆ ಬಂತು ಹಾಗಾದ್ರೆ?” ಎಂದು ಪಕ್ಕದ ಮನೆಯಾಕೆ ಕೇಳಿದಳು.

“ಖಾಲಿ ಇತ್ತಲ್ಲ, ನಿಲ್ಲಿಸಿಕೊಂಡು ತಂದ್ವಿ. ಈಗ ಅಣ್ಣನ್ನ ನಿಲ್ಲಿಸಿಕೊಂಡು ಹೋಗೋಕಾಗುತ್ತಾ?” ಮೈದುನ ಬೆವರು ಒರೆಸಿಕೊಂಡ. “ಜೀವಮಾನದಲ್ಲಿ ಒಬ್ಬರ ದಾರಿಗೂ ಅಡ್ಡ ಬಂದವನಲ್ಲ ನಮ್ಮಣ್ಣ. ಈಗ ನೋಡಿ, ಅವನ ಪಿಯಾನೋ ಅವನಿಗೇ ಅಡ್ಡ.”

“ಅವರದ್ದಲ್ಲ, ನನ್ನದು,” ಎಂದಳು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಸತ್ತವನ ಹೆಂಡತಿ. “ಮಧ್ಯಾಹ್ನ ಅವರ ಕಾರ್ಖಾನೆ ಲಾರಿ ಬಂದು ಇದನ್ನ ಒಯ್ಯುತ್ತೆ. ಆಮೇಲೆ ನನ್ನದೂ ಅಲ್ಲ.”

“ಅಮ್ಮ, ಇವತ್ತೇ ಆಗಬೇಕಾ ಅದು?” ಮಗಳು ತಗ್ಗಿದ ದನಿಯಲ್ಲಿ ಕೇಳಿದಳು. “ಹೋಗೋ ಮುಂಚೆ ಒಂದ್ಸಲ ನೀನು ನುಡಿಸ್ತೀಯೇನೋ ಅಂದ್ಕೊಂಡಿದ್ದೆ.”

“ಇವತ್ತು ಎತ್ತೋಕೆ ಜನ ಇದ್ದಾರೆ. ನಾಳೆ ನೀನೂ ನಾನೂ ಎತ್ತೋಣವಾ? ನುಡಿಸಿದ್ರೆ ತಾನೇ ಯಾರಿಗೆ ಕೇಳಿಸುತ್ತೆ. ಬಿಡು.”

ಮಾತಿನಲ್ಲಿ ಕೋಪವಿರಲಿಲ್ಲ. ಕೋಪ ಮಾಡಿಕೊಳ್ಳುವುದಕ್ಕೂ ಒಂದಿಷ್ಟು ನಿದ್ದೆ ಬೇಕು. ಆಸ್ಪತ್ರೆಯ ಬೆಂಚುಗಳ ಮೇಲೆ ಅವಳು ಅದನ್ನು ಕಳೆದುಕೊಂಡು ಬಹಳ ದಿನವಾಗಿತ್ತು. ಪಿಯಾನೋ ಹೊರಗೆ ಹೋಗಬೇಕು ಎನ್ನುವುದೊಂದೇ ಅವಳ ತಲೆಯಲ್ಲಿ ಸ್ಪಷ್ಟವಾಗಿದ್ದ ಸಂಗತಿ. ಗಂಡ ಅದರ ಬಾಯಿಗೆ ಬಟ್ಟೆ ತುರುಕಿದ್ದ. ಅವನೇ ಹೋದ ಮೇಲೆ ಆ ಮೂಗಿಯ ಜೊತೆ ಒಂದೇ ಕೋಣೆಯಲ್ಲಿ ಇನ್ನೊಂದು ರಾತ್ರಿ ಕಳೆಯಲು ಅವಳಿಗೆ ಮನಸ್ಸಿರಲಿಲ್ಲ.

ಕಾರ್ಖಾನೆಯಿಂದ ಬಂದಿದ್ದ, ತಂತಿಗಳ ಶ್ರುತಿ ಕೂಡಿಸುವ ಟ್ಯೂನರ್, ಸತ್ತವನ ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತ ಮುದುಕನಾದವನು, ಪಿಯಾನೋದ ಪಕ್ಕ ಮೊಣಕಾಲೂರಿದ. “ಮುಂದಿನ ಹಲಗೆ ತೆಗೆದುಬಿಡ್ತೀನಿ ಅಕ್ಕ. ಭಾರ ಸ್ವಲ್ಪ ಕಡಿಮೆಯಾಗುತ್ತೆ, ಹಿಡಿಯೋಕೂ ಜಾಗ ಸಿಗುತ್ತೆ.”

“ಏನು ಬೇಕೋ ತೆಗೀರಿ.”

*

ಪಿಯಾನೋ ದುರಸ್ತಿ ಕಾರ್ಖಾನೆಯಲ್ಲಿ ಸತ್ತವನ ಕೆಲಸ ಸದ್ದು ನಿಲ್ಲಿಸುವುದು. ಕೀ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ, ಬೆರಳೆತ್ತಿದ ಕೂಡಲೇ ಉಣ್ಣೆಯ ಒಂದು ಪುಟ್ಟ ಮೆತ್ತೆ ತಂತಿಯ ಮೇಲೆ ಬಂದು ಕೂತು ಅದನ್ನು ಸುಮ್ಮನಾಗಿಸುತ್ತದೆ. ಅದಕ್ಕೆ ಡ್ಯಾಂಪರ್ ಎನ್ನುತ್ತಾರೆ. ಬಲಗಡೆಯ ಪೆಡಲ್ ಒತ್ತಿದರೆ ಅಷ್ಟೂ ಡ್ಯಾಂಪರ್‌ಗಳು ಒಟ್ಟಿಗೆ ಮೇಲೇಳುತ್ತವೆ, ತಂತಿಗಳು ತಮ್ಮ ಪಾಡಿಗೆ ತಾವು ಮೊಳಗುತ್ತವೆ. ಯಾರಾದರೂ ಕೀ ಒತ್ತಿ ಬಿಡುತ್ತಿದ್ದರು, ಅವನು ಕಣ್ಣುಮುಚ್ಚಿ ಕೇಳುತ್ತಿದ್ದ, ಸದ್ದಿನ ಕೊನೆಯ ಎಳೆ ಕಡಿದಾಗ ‘ಸಾಕು’ ಎನ್ನುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಸಾಕು, ಸಾಕು. ಕಾರ್ಖಾನೆಯವರು ಅವನಿಗೆ ಸಾಕಪ್ಪ ಎಂದೇ ಹೆಸರಿಟ್ಟರು.

ಪೆಡಲ್‌ಗಳ ಹುಚ್ಚೂ ಇತ್ತು. ಕಿರುಗುಟ್ಟದ ಪೆಡಲ್ ಮಾಡುತ್ತೇನೆಂದು ಹೊರಟು ಒಂದು ಮಾಡಿದ, ಅದು ಕಪ್ಪೆಯ ಹಾಗೆ ಕೂಗಿತು. ಎಡಗಡೆಯ ದಪ್ಪ ತಂತಿಗಳ ಡ್ಯಾಂಪರ್‌ಗಳನ್ನಷ್ಟೇ ಎತ್ತುವ ಇನ್ನೊಂದು ಪೆಡಲ್ ಚೆನ್ನಾಗಿಯೇ ಕೆಲಸ ಮಾಡಿತು. ಮಾಲೀಕರು ಅದನ್ನು ಒತ್ತಿ ನೋಡಿ, “ಇರೋ ಎರಡು ಕಾಲಿಗೆ ಎಷ್ಟು ಪೆಡಲ್ ಮಾಡ್ತೀಯೋ,” ಎಂದು ನಕ್ಕು ಹೋದರು. ಅವನು ಅದನ್ನು ಬಿಚ್ಚಿ ಡಬ್ಬಿಗೆ ಹಾಕಿದ.

ಸಂಜೆ ಮನೆಗೆ ಬಂದರೆ ಹೆಂಡತಿ ನುಡಿಸುತ್ತಿದ್ದಳು. ತವರಿನಿಂದ ಬಂದ ಪಿಯಾನೋ. ಎಂಟು ಬೆರಳು, ಎರಡು ಹೆಬ್ಬೆರಳು, ಭುಜ, ಬೆನ್ನು ಎಲ್ಲ ಸೇರಿಸಿ ನುಡಿಸುವವಳು. ಬೀದಿಯ ತಿರುವಿನಲ್ಲೇ ಅವನಿಗೆ ಕೇಳಿಸುತ್ತಿತ್ತು. ಒಂದು ಸಂಜೆ ಬಹಳ ದಣಿದು ಬಂದು ಕುರ್ಚಿಯಲ್ಲಿ ಕಣ್ಣುಮುಚ್ಚಿದವನು, ಅಭ್ಯಾಸಬಲದಿಂದಲೋ ಏನೋ, “ಸಾಕು” ಎಂದ.

ಅವಳ ಕೈ ನಿಂತಿತು.

ಅವನು ಕಣ್ಣುಬಿಟ್ಟ. ಏನಾದರೂ ಹೇಳಬಹುದಿತ್ತು. ಹೇಳುವ ಬದಲು ರಜೆಯ ದಿನ ಉಪಕರಣಗಳ ಚೀಲ ತಂದು ಎರಡು ಪೆಡಲ್‌ಗಳ ನಡುವೆ ಮೂರನೆಯದೊಂದನ್ನು ಕೂರಿಸಿದ.

“ಇದನ್ನ ಒತ್ತಿ ಎಡಕ್ಕೆ ಸರಿಸಿದ್ರೆ ಅಲ್ಲೇ ನಿಲ್ಲುತ್ತೆ. ಸುತ್ತಿಗೆಗೂ ತಂತಿಗೂ ಮಧ್ಯ ಒಂದು ಪಟ್ಟಿ ಇಳಿಯುತ್ತೆ. ಸದ್ದು ನಿನಗೆ ಮಾತ್ರ. ಬೇರೆಯವರಿಗೆ ತೊಂದರೆ ಇಲ್ಲ.”

“ಬೇರೆಯವರು ಅಂದ್ರೆ ಯಾರು?”

ಅವನು ಸ್ಪ್ಯಾನರ್ ಒರೆಸುತ್ತಿದ್ದ. “ಒಂದಷ್ಟು ದಿನ,” ಎಂದ.

ಎಲ್ಲರೂ ಅಂಥ ಪಟ್ಟಿಯನ್ನು ಅಂಟು ಹಾಕಿ ಹಚ್ಚುತ್ತಿದ್ದರು. ಅವನು ಮಾತ್ರ ಕೊಕ್ಕೆಗಳನ್ನು ಮಾಡಿ ಅವುಗಳಿಗೆ ಸಿಕ್ಕಿಸಿದ್ದ. ಕೊಕ್ಕೆ ಯಾಕೆ ಎಂದು ಕೇಳಿದರೆ, ಸವೆದರೆ ಬದಲಾಯಿಸಬಹುದು ಎಂದ. ಅವಳು ಚಪ್ಪಲಿಯ ತುದಿಯಿಂದ ಪೆಡಲನ್ನು ಎಡಕ್ಕೆ ಒದ್ದಳು. ತೆಗಿ ಎಂದು ಅವನೇ ಹೇಳಲಿ ಎಂದು ಕಾದಳು. ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಬೇರೆ ಮನೆ ಮಾಡಿದಳು. ಪೆಡಲ್ ಎಡಕ್ಕೇ ಇತ್ತು.

*

ಹಲಗೆ ಕಳಚಿ ಬಂದಾಗ ಸುತ್ತಿಗೆಗಳ ಸಾಲು ಬಯಲಾಯಿತು. ಪಕ್ಕದ ಮನೆಯಾಕೆ ಬಗ್ಗಿ ನೋಡಿದಳು.

“ಅಯ್ಯೋ, ನಿಜವಾದ ಪಿಯಾನೋನೇ. ಬಟ್ಟೆ ಹೊದಿಸಿ ಮೇಲೆ ಫೋಟೋ ಇಟ್ಟಿರ್ತಿದ್ರಲ್ಲ, ನಾನು ಯಾವುದೋ ಬೀರು ಅಂದ್ಕೊಂಡಿದ್ದೆ. ಗೋಡೆ ಆಚೆಗೇ ಇರೋಳು ನಾನು. ಒಂದು ದಿನವೂ ಕೇಳಿಸಲಿಲ್ಲವಲ್ಲ.”

“ಕೇಳಿಸಬಾರದು ಅಂತಾನೇ ಮಾಡಿದ್ದು,” ಎಂದಳು ಹೆಂಡತಿ.

ಟ್ಯೂನರ್ ಸುತ್ತಿಗೆಗಳ ಹಿಂದೆ ಕೈ ಹಾಕಿದ್ದ. ಅವನ ಕೈ ಪಿಯಾನೋದೊಳಗೆ ಎಲ್ಲೋ ನಿಂತುಬಿಟ್ಟಿತ್ತು.

“ಅಕ್ಕ, ಈ ಪಟ್ಟಿ ನೀವು ಹಾಕಿದ್ದಾ?”

“ನಾನು ಆ ಹಲಗೆ ಮುಟ್ಟಿದವಳೇ ಅಲ್ಲ.”

ಅವನು ಕೊಕ್ಕೆಗಳಿಂದ ಒಂದೊಂದಾಗಿ ಬಿಡಿಸಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಚೆ ಬದಿಯ ಕಟ್ಟಡ, ಒಣಗಲು ಹಾಕಿದ ಬಟ್ಟೆ, ಕೆಳಗೆ ಕಾಯುತ್ತಿದ್ದ ಶವದ ವ್ಯಾನಿನ ಚಾವಣಿ ಎಲ್ಲವೂ ಅದರೊಳಗಿಂದ ಕಾಣಿಸಿತು.

“ಮೊದಲು ಇಲ್ಲಿದ್ದದ್ದು ದಪ್ಪ ಉಣ್ಣೆಪಟ್ಟಿ. ಕತ್ತರಿಸಿ ಕೊಟ್ಟವನೇ ನಾನು. ಆಮೇಲೆ ಆಗಾಗ ಬಂದು ಇದಕ್ಕಿಂತ ತೆಳ್ಳಗಿನದು ಇದೆಯಾ ಅನ್ನೋರು. ಕೊಡ್ತಿದ್ದೆ. ಮುಂದಿನ ವರ್ಷ ಮತ್ತೆ, ಇನ್ನೂ ತೆಳ್ಳಗೆ ಬೇಕು. ಕಡೆಗೆ, ಇನ್ನು ನನ್ನ ಹತ್ರ ಗಾಳಿ ಒಂದೇ ಇರೋದು ಸಾಕಪ್ಪ ಅಂದೆ. ಏನೋ ಹೊಸ ಪೆಡಲ್ ಪ್ರಯೋಗ ಇರಬೇಕು ಅಂದ್ಕೊಂಡಿದ್ದೆ. ಮನೇದು ಅಂತ ಬಾಯಿ ಬಿಡಲಿಲ್ಲ.”

ಮಗಳು ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಅದು ಒಂದೇ ಬಟ್ಟೆಯಾಗಿರಲಿಲ್ಲ. ಒಂದರ ಅಂಚಿಗೊಂದು ಸೇರಿಸಿ, ಡ್ಯಾಂಪರ್ ಮೆತ್ತೆ ಹೊಲಿಯುವಷ್ಟೇ ಸಣ್ಣ ಹೊಲಿಗೆಯಲ್ಲಿ ಕೂಡಿಸಿದ್ದ ತುಂಡುಗಳು.

“ಅಮ್ಮ, ಇದು ಅಪ್ಪನ ಕರ್ಚೀಫು.”

ಹೆಂಡತಿ ಕುರ್ಚಿಯಿಂದ ಎದ್ದಳು. ಕರ್ಚೀಫುಗಳನ್ನು ಎಲ್ಲಿ ಬೀಳಿಸಿ ಬರ್ತೀರಿ ಎಂದು ಅವಳು ಅವನನ್ನು ಎಷ್ಟು ಬೈದಿದ್ದಳು. ಬಸ್ಸಿನಲ್ಲಿ ಎಲ್ಲೋ ಬಿತ್ತು ಎನ್ನುತ್ತಿದ್ದ.

“ನೀನು ಸಾಮಾನು ತರೋಕೆ ಹೋದಾಗ ಅಪ್ಪ ಮುಚ್ಚಳ ತೆಗೆದು ಟಾರ್ಚ್ ಹಿಡಿದು ಕೂತಿರ್ತಿದ್ರು,” ಎಂದಳು ಮಗಳು. “ಕೇಳಿದ್ರೆ ಧೂಳು ಒರೆಸ್ತಿದೀನಿ ಅನ್ನೋರು.”

ಟ್ಯೂನರ್ ಬಟ್ಟೆಯನ್ನು ಇನ್ನೂ ನೋಡುತ್ತಲೇ ಇದ್ದ. “ಒಂದು ಅರ್ಥ ಆಗ್ತಿಲ್ಲ ನನಗೆ. ಇಷ್ಟು ತೆಳು ಬಟ್ಟೆ ಇಷ್ಟೊತ್ತಿಗೆ ಚಿಂದಿಯಾಗಿರಬೇಕಿತ್ತು. ಸುತ್ತಿಗೆ ಬಿದ್ದ ಗುರುತೇ ಇಲ್ಲ. ನೀವು ನುಡಿಸೋದು ಬಿಟ್ಟುಬಿಟ್ಟಿದ್ರಾ ಅಕ್ಕ?”

“ಇಲ್ಲ,” ಎಂದಳು ಅವಳು. “ದಿನಾ ನುಡಿಸ್ತಿದ್ದೆ.”

*

ಸದ್ದು ಏರುತ್ತಿರುವುದು ಅವಳ ಬೆರಳಿಗೆ ಗೊತ್ತಾಗಿತ್ತು. ಪಟ್ಟಿ ಸವೆಯುತ್ತಿದೆ ಎಂದುಕೊಂಡಳು. ಸವೆದಿದೆ, ಬದಲಾಯಿಸಿ ಎಂದು ಹೇಳಿದರೆ ಅವನು ದಪ್ಪಗಿನದು ಹೊಸದು ತಂದಾನು. ಹೇಳದಿದ್ದರೆ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತವನು ಇನ್ನೊಮ್ಮೆ ಸಾಕು ಅಂದಾನು. ಆ ಒಂದು ಮಾತನ್ನು ಎರಡನೆಯ ಸಲ ಕೇಳಲು ಅವಳು ಸಿದ್ಧಳಿರಲಿಲ್ಲ. ಹಾಗಾಗಿ ಕೈ ಹಗುರ ಮಾಡಿದಳು. ಮೊದಲು ಭುಜವನ್ನು ಬಿಟ್ಟಳು, ಆಮೇಲೆ ಮೊಣಕೈಯನ್ನು. ಮುಂದಿನ ವರ್ಷ ಸದ್ದು ಮತ್ತೆ ಏರಿತು, ಅವಳು ಇನ್ನಷ್ಟು ಹಗುರಾದಳು. ಕೊನೆಕೊನೆಗೆ ಕೀ ಕೆಳಗಿಳಿಯುತ್ತಿತ್ತು, ಸುತ್ತಿಗೆ ಏಳುತ್ತಿತ್ತು, ಬಟ್ಟೆಯನ್ನು ಮುಟ್ಟಿತೋ ಇಲ್ಲವೋ ಎನ್ನುವಂತೆ ಮುಟ್ಟಿ ಹಿಂದಿರುಗುತ್ತಿತ್ತು. ಇಷ್ಟು ಮೆಲ್ಲಗೆ ನುಡಿಸುವುದು ಕಷ್ಟ. ಮಲಗುವ ಹೊತ್ತಿಗೆ ಮಣಿಕಟ್ಟು ನೋಯುತ್ತಿತ್ತು.

ಒಂದು ಸಂಜೆ ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿ ಕೇಳಿದ. “ನಿಲ್ಲಿಸಿಬಿಟ್ಯಾ?”

ಅವಳು ಇನ್ನೂ ನುಡಿಸುತ್ತಿದ್ದಳು. ಇಷ್ಟಾದರೂ ಚುಚ್ಚುತ್ತಾನಲ್ಲ ಎನಿಸಿತು.

“ಹೂಂ, ಮುಗೀತು,” ಎಂದು ಮುಚ್ಚಳ ಹಾಕಿದಳು.

ಅವನು ಸ್ವಲ್ಪ ಹೊತ್ತು ಹಾಗೇ ಬಾಗಿ ಕೂತಿದ್ದು, ಆಮೇಲೆ ಬೆನ್ನು ಹಿಂದಕ್ಕೆ ಚಾಚಿದ.

*

“ಕಾಯಿಲೆ ಬೀಳೋಕೆ ಮುಂಚೆ ಸಾಕಪ್ಪ ನನ್ನ ಹತ್ರ ಬಂದು, ನನ್ನ ಕಿವಿ ಪರೀಕ್ಷೆ ಮಾಡು ಅಂದ್ರು,” ಎಂದ ಟ್ಯೂನರ್. ಈಗ ಅವನು ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ ಮಾತಾಡುತ್ತಿದ್ದ. “ನಾನು ಕೀ ಒತ್ತಿದೆ, ಮೆಲ್ಲಗೆ, ಇನ್ನೂ ಮೆಲ್ಲಗೆ. ಎಲ್ಲಕ್ಕೂ ಸರಿಯಾಗಿ ಸಾಕು ಅಂದ್ರು. ಇಲಿ ಹೆಜ್ಜೆ ಇಟ್ರೂ ಕೇಳಿಸೋ ಕಿವಿ ನಿಮ್ಮದು ಅಂದೆ. ಹಾಗಾದ್ರೆ ಮನೇಲಿ ಯಾಕೆ ಕೇಳಿಸ್ತಿಲ್ಲ ಅಂದ್ರು. ನಾನು ತಮಾಷೆ ಮಾಡಿದೆ. ಮನೇಲಿ ಹೆಂಡತಿ ಮಾತು ಯಾವ ಗಂಡಸಿಗೆ ಕೇಳಿಸುತ್ತೆ ಅಂದೆ.”

“ತೆಗಿ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಅಪ್ಪಂಗೆ?” ಎಂದು ಮಗಳು ಕೇಳಿದಳು.

“ಅವನಾ?” ಮೈದುನ ಪಿಯಾನೋದ ಹಿಂದಿನಿಂದ ಹೊರಗೆ ಬಂದು ಗೋಡೆಗೆ ಒರಗಿದ. “ಚಿಕ್ಕವನಿದ್ದಾಗ ನೀರು ಬೇಕಾದ್ರೂ ಕೇಳ್ತಿರಲಿಲ್ಲ ಕಣಮ್ಮ. ಖಾಲಿ ಲೋಟ ಎದುರಿಗಿಟ್ಟುಕೊಂಡು ಕೂತಿರ್ತಿದ್ದ. ಯಾರಾದ್ರೂ ನೋಡ್ಲಿ ಅಂತ.”

ಕೆಳಗೆ ವ್ಯಾನಿನವನು ಒಮ್ಮೆ ಹಾರ್ನ್ ಮಾಡಿದ, ತಪ್ಪಾಯಿತೇನೋ ಎಂಬಂತೆ ಚಿಕ್ಕದಾಗಿ.

ಮೈದುನನೂ ಸೇರಿ, ಹೊರಲು ಬಂದಿದ್ದ ನಾಲ್ವರು ಮತ್ತೆ ಪಿಯಾನೋಗೆ ಕೈ ಹಚ್ಚಿದರು. ಈ ಸಲ ಚಕ್ರ ಗುಳಿಯಿಂದ ಮೇಲೆ ಬಂದಿತು. ಪಿಯಾನೋ ಕಿರ್ರೆಂದು ಗೋಡೆಯತ್ತ ಸರಿಯಿತು. ಬಾಗಿಲಿಗೂ ಅದಕ್ಕೂ ನಡುವೆ ಪೆಟ್ಟಿಗೆ ಹಿಡಿಯುವಷ್ಟು, ಅದಕ್ಕಿಂತ ಒಂದು ಅಂಗೈ ಹೆಚ್ಚು ಜಾಗವಾಯಿತು. ನೆಲದಲ್ಲಿ ಬರಿಯ ಗುಳಿ ಉಳಿಯಿತು.

“ಲಾರಿಯವನಿಗೆ ಬರೋದು ಬೇಡ ಅಂತ ಹೇಳಿಬಿಡು,” ಎಂದಳು ಅವಳು ಮಗಳಿಗೆ.

“ಬೇಡ್ವಾ?”

“ಬೇಡ.”

ಟ್ಯೂನರ್ ಹಲಗೆಯನ್ನು ಎತ್ತಿಕೊಂಡ. ಅದನ್ನೂ ಬೇಡವೆಂದು ಅವಳು ಕೈಸನ್ನೆ ಮಾಡಿದಳು. ಮಗಳ ಕೈಯಿಂದ ಬಟ್ಟೆಪಟ್ಟಿಯನ್ನು ತೆಗೆದುಕೊಂಡು ಮಡಚಿದಳು. ಮಡಚಿದಷ್ಟೂ ಚಿಕ್ಕದಾಗಿ ಅದು ಅವಳ ಮುಷ್ಟಿಯೊಳಗೆ ಹಿಡಿಸಿತು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಪಿಯಾನೋದ ಮುಂದೆ ಕೂತಳು.

“ಅತ್ತಿಗೆ, ಈಗ ಅಲ್ಲಿ ಕೂತ್ರೆ ನಮಗೆ ದಾರಿ ಇಕ್ಕಟ್ಟಾಗುತ್ತೆ.”

“ಆಗಲಿ. ಬನ್ನಿ ನೀವು.”

ಒಳಗಿನಿಂದ ಹೆಜ್ಜೆಗಳು ಹೊರಟವು. ನಿಧಾನ, ಎಡಕ್ಕೆ, ಸ್ವಲ್ಪ ತಗ್ಗಿಸಿ ಎಂಬ ಪಿಸುಮಾತು. ಅವಳು ಪಾದದ ತುದಿಯಿಂದ ನಡುವಿನ ಪೆಡಲನ್ನು ಬಲಕ್ಕೆ ತಳ್ಳಿದಳು. ಅದು ಟಕ್ಕೆಂದು ಮೇಲೆ ಬಂದಿತು. ಅಷ್ಟು ಸುಲಭವಿತ್ತು. ಆಮೇಲೆ ಬಲಗಡೆಯ ಪೆಡಲ್ ಮೇಲೆ ಕಾಲಿಟ್ಟು ಪೂರ್ತಿ ಒತ್ತಿದಳು. ತೆರೆದ ಪಿಯಾನೋದೊಳಗೆ ಡ್ಯಾಂಪರ್‌ಗಳೆಲ್ಲ, ಅವನು ಹೊಲಿದು ಕೂರಿಸಿದ್ದ ಅಷ್ಟೂ ಮೆತ್ತೆಗಳು, ಉಸಿರೆಳೆದಂಥ ಸದ್ದು ಮಾಡಿ ತಂತಿಗಳನ್ನು ಬಿಟ್ಟು ಮೇಲೆದ್ದವು. ಅವಳ ಕೈಗಳು ತೊಡೆಯ ಮೇಲೆಯೇ ಇದ್ದವು.

ಬಾಗಿಲ ತಿರುವಿನಲ್ಲಿ ಮೈದುನನ ಹಿಡಿತ ಜಾರಿತು. ಪೆಟ್ಟಿಗೆಯ ಮೂಲೆ ಪಿಯಾನೋದ ಮೈಗೆ ಬಡಿಯಿತು.

ತಂತಿಗಳೆಲ್ಲ ಒಮ್ಮೆಗೇ ಮೊಳಗಿದವು. ದಪ್ಪ ತಂತಿಗಳ ಗುಡುಗು, ಅದರ ಮೇಲೆ ಸಣ್ಣ ತಂತಿಗಳ ಝೇಂಕಾರ, ಕಿಟಕಿಯ ಗಾಜು, ಮೇಜಿನ ಮೇಲಿದ್ದ ಲೋಟ. ಹೊತ್ತವರು ಇದ್ದಲ್ಲೇ ನಿಂತರು. ಮೈದುನ ಏನೋ ಹೇಳಲು ಬಾಯಿ ತೆರೆದ, ಮಗಳು ಅವನ ತೋಳು ಹಿಡಿದಳು. ಪಕ್ಕದ ಮನೆಯಾಕೆ ತನ್ನ ಮನೆಯ ಗೋಡೆಯತ್ತ ನೋಡಿದಳು.

ಸದ್ದು ಮೆಲ್ಲಮೆಲ್ಲನೆ ತೆಳುವಾಗುತ್ತ ಹೋಯಿತು. ಟ್ಯೂನರ್ ಅಭ್ಯಾಸದಂತೆ ಕಣ್ಣು ಮುಚ್ಚಿದ. ಹೊತ್ತವರ ಭುಜಗಳು ನಡುಗತೊಡಗಿದವು. ಅವಳು ಕಾಲು ಎತ್ತಲಿಲ್ಲ.