ಹಿಂದಿನ ಸೀಟಿನ ಟಿಕೆಟ್

ಕಂಡಕ್ಟರಮ್ಮನ ಬಾಯಿ ಮುಂದೆ ಬಸ್ಸಿನ ಹಾರ್ನ್ ಕೂಡ ಸಪ್ಪೆ ಎಂದು ಡಿಪೋದಲ್ಲೆಲ್ಲ ಮಾತಿತ್ತು. ಅಪಘಾತದಲ್ಲಿ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು, ಬಾಯಿ ಮಾತ್ರ ಇದ್ದಂತೆಯೇ ಉಳಿಯಿತು. ಕೃತಕ ಕಾಲು ಹಾಕಿಸಿ ಏಳು ತಿಂಗಳಾಗಿತ್ತು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಹಿಂದಿನ ಸೀಟಿನವರೆಗೆ ನಡೆದು ತೋರಿಸಿದರೆ ಟಿಕೆಟ್ ಚೀಲ ಮತ್ತೆ ಹೆಗಲಿಗೆ. ಇಲ್ಲದಿದ್ದರೆ ಡಿಪೋದ ಕಡತದ ಕೋಣೆ. ಅಲ್ಲಿ ಬೈಯಲು ಒಂದು ನರಪಿಳ್ಳೆಯೂ ಇಲ್ಲ! ಅವಳಿಗೆ ಅದೇ ದಿಗಿಲು.

ಥೆರಪಿಸ್ಟ್ ಅವಳ ಶೂ ಒಳಗೊಂದು, ತೊಡೆಗೊಂದು ಸೆನ್ಸರ್ ಇಟ್ಟು, ಸೊಂಟಕ್ಕೆ ಬೆಲ್ಟ್ ಬಿಗಿದಿದ್ದಳು. ಭಾರವೆಲ್ಲ ಬಲಗಾಲಿನ ಮೇಲೇ ಬಿದ್ದರೆ ಬೆಲ್ಟ್ ಗುರ್ರೆನ್ನುತ್ತಿತ್ತು. ದಿನವಿಡೀ ಗುರ್ರೆಂದದ್ದೇ ಆಯಿತು.

ವಾರದ ಗ್ರಾಫ್ ನೋಡಿದ ಥೆರಪಿಸ್ಟ್ ಹುಬ್ಬೇರಿಸಿದಳು. "ದಿನಾ ಬೆಳಿಗ್ಗೆ ಹತ್ತಕ್ಕೆ ಎರಡೂ ಕಾಲು ಸಮ ಬೀಳ್ತಿದೆಯಲ್ಲ! ಆಗ ಏನ್ಮಾಡ್ತೀರಿ?"

ಕಂಡಕ್ಟರಮ್ಮ ನಾಚಿದಳು. "ನಾನು ಉಪ್ಪು ಹಾಕಿದ ಮೇಲೆ ನಮ್ಮತ್ತೆ ಇನ್ನೊಂದ್ಸಲ ಹಾಕ್ತಾರೆ. ಅಡುಗೆಮನೆಗೆ ಜಗಳ ಆಡೋಕೆ ಹೋಗ್ತೀನಿ."

"ಆಗ ಕಾಲಿನ ನೆನಪೇ ಇರಲ್ಲ, ಅದಕ್ಕೇ! ಕಾಲಿಗೆ ನಡೆಯೋಕೆ ಬರುತ್ತೆ ಕಣ್ರೀ, ನೀವೇ ನಂಬ್ತಿಲ್ಲ."

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ, "ಅಂತೂ ನನ್ನ ಬಾಯಿಂದ್ಲೂ ಒಂದು ಉಪಯೋಗ ಆಯ್ತು," ಎಂದರು.

ಪರೀಕ್ಷೆಯ ದಿನ ಡಿಪೋದ ಸಾಹೇಬರು ಜನರಿದ್ದ ಬಸ್ಸಿನಲ್ಲೇ, ಅವಳ ಹೆಗಲಿಗೆ ಟಿಕೆಟ್ ಚೀಲ ಹಾಕಿಸಿ, ಮುಂದಿನ ಸೀಟಿನಲ್ಲಿ ಕೂತಿದ್ದರು. ಬಸ್ಸು ಹೊರಟು ಎರಡೇ ಹೆಜ್ಜೆ, ಬೆಲ್ಟ್ ಗುರ್ರೆಂದಿತು. ಕೈ ತಾನಾಗಿ ಕಂಬಿಗೆ ಹೋಯಿತು. "ಇನ್ನೊಂದೇ ಸಲ ನೋಡ್ತೀನಮ್ಮ," ಎಂದರು ಸಾಹೇಬರು. ಕಂಡಕ್ಟರಮ್ಮ ಮತ್ತೆ ಮುಂದಿನ ಸೀಟಿನ ಬಳಿ ಹೋಗಿ ನಿಂತಳು.

ಮುಂದಿನ ಸ್ಟಾಪಿನಲ್ಲಿ ಹಿಂಬಾಗಿಲಿನಿಂದ ಯಾರೋ ಹತ್ತಿದರು.

"ನಾನು ಟಿಕೆಟ್ ತಗೊಳಲ್ಲ!" ಬಹಳ ಪರಿಚಯದ ದನಿ. "ಕಂಡಕ್ಟರ್ ಅಂತೆ, ಕಂಡಕ್ಟರ್! ತಾಕತ್ತಿದ್ರೆ ಇಲ್ಲಿಗೆ ಬಂದು ಕೇಳೇ!"

ಅಬ್ಬಾ, ಸಿಟ್ಟು ನೆತ್ತಿಗೇರಿತು! "ಅತ್ತೆ ಆದ್ರೇನು, ಮಹಾರಾಣಿ ಆದ್ರೇನು, ನನ್ನ ಬಸ್ಸಲ್ಲಿ ಬಿಟ್ಟಿ ಸವಾರಿ ನಡೆಯಲ್ಲ!"

ಬಸ್ಸು ತಿರುವಿನಲ್ಲಿ ವಾಲಿತು. ಎರಡು ಕಾಲೂ ನೆಟ್ಟಗಿದ್ದವರೆಲ್ಲ ಕಂಬಿಗೆ ಜೋತುಬಿದ್ದರು. ಅವಳು ಧಪಧಪನೆ ನಡೆದೇ ಬಿಟ್ಟಳು. ಬೆಲ್ಟ್ ತುಟಿಪಿಟಕ್ಕೆನ್ನಲಿಲ್ಲ.

ಕೈ ಚಾಚಿದಾಗ ಅತ್ತೆ ಮುಷ್ಟಿ ಬಿಚ್ಚಿದರು. ಒಳಗೆ ಬೆವರಿನಲ್ಲಿ ಒದ್ದೆಯಾದ, ಸರಿಯಾದ ಚಿಲ್ಲರೆ. ಆಗಷ್ಟೇ ಕಂಡಕ್ಟರಮ್ಮನಿಗೆ ತಾನು ಏನನ್ನೂ ಹಿಡಿಯದೆ ನಿಂತಿರುವುದು ಗೊತ್ತಾಯಿತು. ಖುಷಿಗೆ ಅಳು ಬಂತು.

"ಅಳ್ತಾ ನಿಂತ್ಕೋಬೇಡ, ಟಿಕೆಟ್ ಕೊಡೇ," ಎಂದರು ಅತ್ತೆ, ಸೆರಗಿನಲ್ಲಿ ತಮ್ಮ ಕಣ್ಣೊರೆಸಿಕೊಳ್ಳುತ್ತ.

ಮುಂದಿನಿಂದ ಸಾಹೇಬರು, "ನಾಳೆಯಿಂದ ಡ್ಯೂಟಿಗೆ ಬನ್ನಿ!" ಎಂದು ಕೂಗಿದರು.

ಅವಳು ಟಿಕೆಟ್ ಹರಿದು ಅತ್ತೆಯ ಕೈಗಿಟ್ಟಳು. ಆಮೇಲೆ ಕಿಟಕಿಗಳೆಲ್ಲ ಅದುರುವಂತೆ ಒಂದು ಕೂಗು ಹಾಕಿದಳು: "ರೈಟ್! ರೈಟ್!"