ಬನ್ನಿಯ ಬುಡದ ಕೆಂಪು ಮುಖ

ಕೊಪ್ಪಳ ಸೀಮೆಯ ಮಂಗಳೂರೆಂಬ ಹಳ್ಳಿಯಿಂದ ಯಲಬುರ್ಗಿಗೆ ಹೋಗುವ ಗಾಡಿದಾರಿಯ ಬದಿಗೆ, ಹಳ್ಳದ ದಂಡೆಯ ಮೇಲೆ, ಹಳೆಯ ಬನ್ನಿ ಮರವೊಂದಿತ್ತು. ಅದರ ಕಟ್ಟೆಯನ್ನು ಗುಡಿಸಿ ಸಾರಿಸುವುದು ಪಕ್ಕೀರವ್ವನ ಮನೆತನಕ್ಕೆ ಬಂದ ಸೇವೆ. ಸಾವಿರದ ಒಂಬೈನೂರ ಮೂವತ್ತೆರಡರ ನವರಾತ್ರಿಯಲ್ಲಿ ಆ ಮರದ ಬುಡದಿಂದ ಅಂಗೈಯಗಲದ ಗಟ್ಟಿ ವಸ್ತುವೊಂದು ಹೊರಬಂದಿತು. ಅರಗು ಬಳಿದಂಥ ಕೆಂಪು ಹೊಳಪು, ಅಂಚಿಗೆ ಬಿಳಿಯ ಗೆರೆ. ಪಕ್ಕೀರವ್ವ ಕಸಬರಿಗೆ ಕೆಳಗಿಟ್ಟು ಸೆರಗೊಡ್ಡಿ ನಿಂತಳು. ಹುಲಿಗೆಮ್ಮ ದೇವಿ ಮುಖ ತೋರಿದ್ದಾಳೆಂದು ಊರಿಗೆ ಹೇಳಿದವಳು ಅವಳೇ.

ಗಂಡ ಸತ್ತ ಮೇಲೆ ಯಾರ ಮದುವೆಯ ಹಂದರಕ್ಕೂ ಬೇಡವಾಗಿದ್ದ ಹೆಂಗಸು ಅಂದಿನಿಂದ ಊರಿಗೆಲ್ಲ ಅವ್ವನಾದಳು. ವರ್ಷವರ್ಷವೂ ಬನ್ನಿ ಮುಡಿಯುವ ದಿನ ಆ ಮುಖವನ್ನು ಕಿತ್ತು, ಚೂರು ಮಾಡಿ ಹಂಚುವಳು. ತಂತಮ್ಮ ಹೊಲದ ಬನ್ನಿಯ ಬೇರಿಗೆ ಕುಡುಗೋಲಿನಿಂದ ಗಾಯ ಮಾಡಿ, ಗಾಯದೊಳಗೆ ಚೂರನ್ನಿಟ್ಟು ಮಣ್ಣು ಮುಚ್ಚಿ ಹಾಲೆರೆಯಬೇಕು. ಇದರಿಂದ ಮರ ಹುಲುಸಾಗುತ್ತದೆಂಬ ಮಾತೂ ಈ ಕಟ್ಟಳೆಯೂ ಅವಳವೇ. ಮರುವರ್ಷ ಹೊಸ ಮುಖ ಮೂಡುತ್ತಿತ್ತು.

ಏಳನೆಯ ಬೇಸಗೆಯಲ್ಲಿ, ಎಲೆ ಅಲುಗದ ಒಂದು ಮಧ್ಯಾಹ್ನ, ಹಳೆಯ ಮರ ಉರುಳಿತು. ಅಷ್ಟರಲ್ಲಾಗಲೇ ಹೊಲಗಳ ಬನ್ನಿಗಳು ತುದಿಯಿಂದ ಒಣಗತೊಡಗಿದ್ದವು. ನೊಗಕ್ಕೆ ಕಟ್ಟಿಗೆ ಕಡಿಯಲು ಬಂದ ಬಡಿಗ ಓಬಳೆಪ್ಪ, ಮೊದಲ ಏಟಿಗೇ ಕೊಡಲಿ ಪೂರ್ತಿ ಹೂತುಹೋದದ್ದನ್ನು ಕಂಡು ಪಕ್ಕೀರವ್ವನನ್ನು ಕರೆದ.

"ಇಲ್ಲಿ ಬೆರಳಿಡು, ಯವ್ವಾ."

ಒಳಗು ಬೆಳ್ಳಗೆ, ನೆನೆದ ಹತ್ತಿಯಂತೆ ಬೆರಳಿಗೆ ಹತ್ತಿತು.

"ಇದು ದೇವಿ ಅಲ್ಲ, ಅಣಬಿ. ಕೊಪ್ಪಳದ ಕಟ್ಟಿಗಿ ಅಡ್ಡೆದಾಗ ನೋಡೀನಿ. ಇದು ಹತ್ತಿದ ದಿಮ್ಮಿ ಬಾಜೂಕ ಇನ್ನೊಂದು ದಿಮ್ಮಿ ಇಡಂಗಿಲ್ಲ. ನೀ ಗಾಯಾ ಮಾಡಿಸಿ ಒಳಗ ತುರುಕಿಸೀದಿ."

"ನಿನ್ನ ಬಾಯಾಗ ಹುಳಾ ಬೀಳಲಿ," ಎಂದಳು ಪಕ್ಕೀರವ್ವ. ಆದರೆ ಮನೆಗೆ ಹೋಗಲಿಲ್ಲ. ನೇರವಾಗಿ ಹಸನಬೀಯ ಹಿತ್ತಿಲಿಗೆ ನಡೆದಳು. ಹಸನಬೀ ಆಡು ಸಾಕಿ ಬದುಕುವವಳು. ಬೇಸಗೆಯಲ್ಲಿ ಆ ಆಡುಗಳಿಗೆ ಹಿತ್ತಿಲ ಬನ್ನಿಯ ಸೊಪ್ಪು, ಕಾಯಿಗಳೇ ಗತಿ.

"ಬಾ ಅಕ್ಕಾ. ಹಾಲು ಮಾತ್ರ ಕೇಳಬ್ಯಾಡ, ಎಲ್ಲಾ ನಿನ್ನ ಚೂರಿಗೆ ಹೊಯ್ದೀನಿ."

"ಗುದ್ಲಿ ಕೊಡು. ಆ ಚೂರು ತೆಗೀಬೇಕು."

"ಹ್ವಾದ ದಸರಾಕ ಇಡು ಅಂದಿ, ಆಡಿನ ಹೊಟ್ಟಿ ನೋಡಿ ಇಟ್ಟೆ. ಈಗ ತೆಗಿ ಅಂತಿ. ನಿಮ್ಮ ದೇವಿಗೆ ನಮ್ಮ ಹಿತ್ತಲಾ ಒಗ್ಗಲಿಲ್ಲೇನು?"

"ನಾ ತಪ್ಪಿದೆ, ತಂಗಿ."

ಹಸನಬೀಯ ನಗು ನಿಂತಿತು. ಇಬ್ಬರೂ ಕೂಡಿ ಅಗೆದರು. ಚೂರಿನ ಸುತ್ತ ಮೊಳದುದ್ದ ಬೇರು ಬೆಳ್ಳಗಾಗಿತ್ತು. ಗಟ್ಟಿ ಕಟ್ಟಿಗೆ ಸಿಗುವತನಕ ಅದನ್ನು ಕಡಿದು ಸುಟ್ಟರು. ಉಳಿದ ಬೇರುಗಳು ಗಟ್ಟಿಯಾಗಿದ್ದವು. ಈ ಮರ ಬದುಕುವ ಹಾಗಿತ್ತು. ಹಾಗಾದರೆ ಹೊಲಗಳಲ್ಲಿ ಇನ್ನೂ ಹಸಿರಾಗಿರುವ ಹನ್ನೊಂದು ಮರಗಳೂ ಬದುಕಿಯಾವು. ಆದರೆ ಅದಕ್ಕೆ ಪಕ್ಕೀರವ್ವ ತಾನಾಡಿದ್ದನ್ನು ಊರ ಮುಂದೆ ತಾನೇ ಅಲ್ಲಗಳೆಯಬೇಕಿತ್ತು. ಆ ಧೈರ್ಯ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು.

ದಸರೆಯ ದಿನ ಬಿದ್ದ ಮರದ ಮೋಟಿನಲ್ಲಿ ಮತ್ತೆ ಕೆಂಪು ಮುಖಗಳು ಮೂಡಿದ್ದವು, ಈ ಸಲ ಮೂರು. ಅರಿಶಿನದ ತಟ್ಟೆ ಹಿಡಿದು ಬಂದವರ ಎದುರು ಪಕ್ಕೀರವ್ವ ಬಾಯಿಬಿಟ್ಟಳು. "ಇದು ಗಿಡದ ರೋಗ. ನಾ ದೇವಿ ಅಂದೆ, ಸುಳ್ಳಾತು. ಹೂತಿದ್ದನ್ನ ಎಲ್ಲಾರೂ ಅಗದು ಸುಡ್ರಿ."

ಊರ ಹಿರಿಯ ತಿಮ್ಮಣ್ಣ ಗುಂಪಿನತ್ತ ತಿರುಗಿದ.

"ಗಿಡ ಬಿದ್ದಿದ್ದಕ್ಕ ಅವ್ವಗ ಚಿತ್ತ ಕೆಟ್ಟೈತಿ. ದೇವಿ ಯಾಕ ಸಿಟ್ಟಾಗ್ಯಾಳ, ಕೇಳ್ರಿ. ಒಂದು ಚೂರು ಸಾಲವಲ್ದು. ಎರಡೆರಡು ಇಡ್ರಿ."

ಪಕ್ಕೀರವ್ವನ ಸೊಸೆ ಪಾರಮ್ಮ ಅತ್ತೆಯ ಕೈಯಲ್ಲಿದ್ದ ಹಂಚುವ ತಟ್ಟೆಯನ್ನು ತೆಗೆದುಕೊಂಡಳು. "ನೀವು ಕುಂದರ್ರಿ ಅತ್ತಿ, ದಣದೀರಿ," ಎಂದು ಮೆಲ್ಲಗೆ ನುಡಿದು ಮೂರೂ ಮುಖಗಳನ್ನು ಮುರಿದು ಹಂಚಿದಳು. ಅಷ್ಟರಲ್ಲಿ ಯಾರೋ ಹಸನಬೀಯ ಹಿತ್ತಿಲಲ್ಲಿ ದೇವಿಯನ್ನು ಅಗೆದು ಸುಟ್ಟ ಸುದ್ದಿ ತಂದರು. ಇಡೀ ಗುಂಪು ಅತ್ತ ತಿರುಗಿತು.

ಪಕ್ಕೀರವ್ವ ಮೊದಲೇ ಓಡಿಹೋಗಿ ಹಸನಬೀಯ ಹಿತ್ತಿಲ ಮರಕ್ಕೆ ಬೆನ್ನುಕೊಟ್ಟು ನಿಂತಳು. ಇಬ್ಬರು ಅವಳ ರಟ್ಟೆ ಹಿಡಿದು, ಅವ್ವನೆಂಬ ಮರ್ಯಾದೆಯಿಂದಲೇ, ಪಕ್ಕಕ್ಕೆ ಕೂಡಿಸಿದರು. ಪಾರಮ್ಮ ಮರದ ಗಟ್ಟಿಯಾಗಿದ್ದ ಮಗ್ಗುಲಲ್ಲಿ ಕುಳಿತು, ಮಣ್ಣು ಸರಿಸಿ, ದಪ್ಪನೆಯ ಬೇರಿಗೆ ಕುಡುಗೋಲು ಹಾಕಿದಳು. ಗಾಯ ಆಳವಾಗಿಯೂ ಅಚ್ಚುಕಟ್ಟಾಗಿಯೂ ಇತ್ತು. ಎರಡು ಚೂರು ಒಳಗಿಟ್ಟು ಹೆಬ್ಬೆರಳಿನಿಂದ ಒತ್ತಿದಳು.

ಹಸನಬೀ ಆಡಿನ ಹಗ್ಗ ಹಿಡಿದು ನೋಡುತ್ತಿದ್ದಳು.

"ಎಲ್ಲಾ ನೀನ ಕಲಿಸಿದ್ದು, ಅಕ್ಕಾ," ಎಂದಳು. "ಛಲೋ ಕಲ್ತಾರ."