ದೊರೆ ನೆಟ್ಟ ಸಾಲು

ಹೋಲ್ಟ್ಸ್ ದೊರೆ ಜರ್ಮನಿಯಲ್ಲಿ ತಮ್ಮೂರಿನ ಹಳೆಯ ದಾಖಲೆಗಳನ್ನು ಕಾದುಕೊಂಡು, ಆ ಸೀಮೆಯ ಚರಿತ್ರೆ ಬರೆಯುತ್ತಲೇ ಮುದುಕರಾದವರು. ಮಂಗಳೂರಿನಲ್ಲಿದ್ದ ಮಗಳ ಮನೆಗೆ ಬಂದ ಮೇಲೂ ಆ ಹುಚ್ಚು ಬಿಡಲಿಲ್ಲ. ಇಲ್ಲಿಯ ಚರಿತ್ರೆಯೆಲ್ಲ ನಾಟಿಯ ಹೆಂಗಸರು ಹಾಡುವ ಪಾಡ್ದನಗಳಲ್ಲಿದೆ ಎಂದು ಯಾರೋ ಹೇಳಿದ್ದೇ ತಡ, ಫಳ್ನೀರಿನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ದೇಯಿ ಎಂಬವಳನ್ನು ಕರೆಸಿ, ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಪೆನ್ನು ಹಿಡಿದು ಕಾದರು.

ದೇಯಿಗೆ ಒಂದಕ್ಷರವೂ ನೆನಪಾಗಲಿಲ್ಲ.

"ಕುರ್ಚಿಯಲ್ಲಿ ಕೂತರೆ ಬರುವುದಿಲ್ಲ ದೊರೆ. ಬಗ್ಗಬೇಕು, ಕೈಯಲ್ಲಿ ನೇಜಿ ಬೇಕು," ಎಂದಳು.

ಮರುದಿನ ದೊರೆ ಬೂಟು ಕಳಚಿ ಗದ್ದೆಗಿಳಿದರು. ಮಳೆಗೆ ಕಾಗದ ಮುದ್ದೆಯಾಯಿತು. ಸುಮ್ಮನೆ ನಿಲ್ಲಲಾರದೆ ಅವರೂ ಭತ್ತದ ಸಸಿಯ ಕಟ್ಟಿನಿಂದ ಒಂದು ಹಿಡಿ ನೇಜಿ ತೆಗೆದುಕೊಂಡು ದೇಯಿಯ ಬಲಕ್ಕೆ ನೆಡತೊಡಗಿದರು. ಸಾಲು ಹಾವು ಹರಿದಂತಾಯಿತು. ಉಳಿದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ದೇಯಿ ಮಾತ್ರ ಹಾಡು ನಿಲ್ಲಿಸದೆ, ಬಲಗೈ ಚಾಚಿ ಅವರ ಸಾಲನ್ನು ನೇರ ಮಾಡುತ್ತ ಹೋದಳು. ನಾಟಿ ಮುಗಿಯುವ ತನಕ ದಿನವೂ ಹೀಗೆಯೇ. ಗದ್ದೆಯಲ್ಲಿ ಕೇಳಿದ್ದನ್ನು ದೊರೆ ಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದರು.

ಆಮೇಲೆ ಯುದ್ಧ ಬಂತು. ಇಂಗ್ಲಿಷರು ಜರ್ಮನಿಯವರನ್ನೆಲ್ಲ ಊರು ಬಿಡಿಸಿದರು; ದೊರೆಯೂ ಹೋದರು. ಗದ್ದೆಯಲ್ಲಿ ಯಾರದೋ ಬಂಗಲೆ ಎದ್ದಿತು.

ದೇಯಿ ಈಗ ಮುದುಕಿ. ಮೊಮ್ಮಗಳು ಹೇಮಾಕ್ಷಿ ಪಾಡ್ದನ ಹೇಳೆಂದರೆ, ಹರಿವೆ ಸೊಪ್ಪಿನ ಕಟ್ಟು ಬಿಚ್ಚಿ, ಬಗ್ಗಿ, ಒಂದೊಂದೇ ದಂಟನ್ನು ನೆಲದ ಮೇಲಿಡುತ್ತ ಹಾಡುತ್ತಾಳೆ. ನಡುನಡುವೆ ಅವಳ ಕೈ ಬಲಕ್ಕೆ ಹೋಗಿ ಬರಿ ನೆಲದಲ್ಲಿ ಏನನ್ನೋ ಸರಿಪಡಿಸುತ್ತದೆ.

"ಅಲ್ಲಿ ಎಂತ ಉಂಟು ಅಜ್ಜಿ?"

"ದೊರೆಯ ಸಾಲು. ಇನ್ನೂ ನೇರ ಬರಲಿಲ್ಲ ಮಾರಾಯ್ತಿ."